ಕಾವ್ಯದ ಓದು ಮತ್ತು ಪರಿಭಾಷೆ: ‘ಯಶೋಧರ ಚರಿತೆ’ಯ ನಿದರ್ಶನ

ಜೈನ ಪರಂಪರೆಯಲ್ಲಿ ಕಾವ್ಯವಾಚನವು ಸ್ವಾಧ್ಯಾಯದ ಒಂದು ಅಂಗ. ಪುರಾಣಗಳೂ ಚರಿತೆಗಳೂ ಪ್ರಥಮಾನುಯೋಗಕ್ಕೆ ಸೇರುತ್ತವೆ. ಧರ್ಮದ ಅರಿವು ಬಹುಮಂದಿಗೆ ಮೊದಲು ಒದಗುವುದು ಕಥೆಯ ಮೂಲಕವೇ. ಆದರೆ ಕಥೆ ತಿಳಿದರೆ ಸಾಕು, ಕೊನೆಯಲ್ಲಿ ಒಂದು ನೀತಿ ದೊರೆತರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಸ್ತು, ಸಂವಿಧಾನ, ನಿರೂಪಕ, ಪ್ರತಿಮೆ, ಧ್ವನಿ ಮೊದಲಾದ ಮಾತುಗಳು ಪಂಡಿತರ ಸೊತ್ತು, ಶ್ರಾವಕನಿಗೆ ಅವುಗಳಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ಇದಕ್ಕೆ ಉತ್ತರ ಸರಳವಾಗಿದೆ. ಕಥೆಯನ್ನು ತಪ್ಪಾಗಿ ಓದಿದರೆ ಅದರಿಂದ ಹೊರಡುವ ನೀತಿಯೂ ತಪ್ಪಾಗುತ್ತದೆ. ಆ ತಪ್ಪು ನೀತಿಯಿಂದ ನಾವು ಜೀವಂತ ಮನುಷ್ಯರನ್ನು ಅಳೆಯತೊಡಗುತ್ತೇವೆ. ಪರಿಭಾಷೆಯೆಂಬುದು ವಿದ್ವತ್ತಿನ ಒಡವೆಯಲ್ಲ, ನ್ಯಾಯವಾಗಿ ಓದುವುದಕ್ಕೆ ಬೇಕಾದ ಅಳತೆಗೋಲು.

ಈ ವಿಷಯದಲ್ಲಿ ಕನ್ನಡಿಗರು ಬಡವರಲ್ಲ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವೇ ಕಾವ್ಯಲಕ್ಷಣವನ್ನು ಕುರಿತದ್ದು. ಒಂಬತ್ತನೆಯ ಶತಮಾನದ ಆ ಕೃತಿ ಕಾವ್ಯದ ದೋಷಗಳನ್ನೂ ಶಬ್ದಾಲಂಕಾರ, ಅರ್ಥಾಲಂಕಾರಗಳನ್ನೂ ಮೂರು ಪರಿಚ್ಛೇದಗಳಲ್ಲಿ ವಿವೇಚಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನಾಗವರ್ಮನು ‘ಕಾವ್ಯಾವಲೋಕನ’ವನ್ನು ಬರೆದನು. ಕಾವ್ಯವನ್ನು ಓದುವುದಕ್ಕೂ ಒಂದು ಶಿಸ್ತುಂಟೆಂದು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಆ ಶಿಸ್ತಿನ ಕೆಲವು ಮೂಲ ಮಾತುಗಳನ್ನು ಜನ್ನನ ‘ಯಶೋಧರ ಚರಿತೆ’ಯ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು ಕ್ರಿ.ಶ. 1209ರಲ್ಲಿ ಈ ಕಾವ್ಯವನ್ನು ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿ ರಚಿಸಿದನು. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಕುರೂಪಿಯಾದ ಮಾವುತನೊಬ್ಬನ ಗಾನಕ್ಕೆ ಮನಸೋತು ಅವನನ್ನು ಕೂಡುತ್ತಾಳೆ. ಇದನ್ನು ಕಣ್ಣಾರೆ ಕಂಡ ಅರಸನು ತಾಯಿ ಚಂದ್ರಮತಿಗೆ ಕನಸಿನ ನೆವದಲ್ಲಿ ತನ್ನ ಕಳವಳವನ್ನು ತಿಳಿಸುತ್ತಾನೆ. ಆಕೆ ಶಾಂತಿಗಾಗಿ ಪ್ರಾಣಿಬಲಿಯನ್ನು ಬಯಸುತ್ತಾಳೆ. ಮಗ ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುವ ಒಡಂಬಡಿಕೆಯಾಗುತ್ತದೆ. ಕತ್ತಿ ತಾಕಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ರಾಣಿಯು ಗಂಡನನ್ನೂ ಅತ್ತೆಯನ್ನೂ ವಿಷವಿಕ್ಕಿ ಕೊಲ್ಲುತ್ತಾಳೆ. ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣಗಳಾಗಿ ಹುಟ್ಟಿ ಸತ್ತು, ಕೊನೆಗೆ ಕೋಳಿಗಳಾಗಿ, ಆಮೇಲೆ ಅಭಯರುಚಿ, ಅಭಯಮತಿಯರೆಂಬ ಒಡಹುಟ್ಟಿದವರಾಗಿ ಜನಿಸುತ್ತಾರೆ.

ಇದು ಕಥಾವಸ್ತು. ಬಹುಮಂದಿ ಓದುಗರು ಇಲ್ಲಿಗೇ ನಿಂತು, ‘ಇದು ಹೆಣ್ಣಿನ ಚಾಂಚಲ್ಯದ ಕಥೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ವಸ್ತು ಬೇರೆ, ಆಶಯ ಬೇರೆ ಎಂಬ ಮೊದಲ ವಿವೇಕ ಇಲ್ಲಿ ಬೇಕಾಗುತ್ತದೆ. ನಡೆದುದು ವಸ್ತು, ಆ ನಡೆದುದರ ಮೂಲಕ ಕಾವ್ಯವು ಯಾವುದನ್ನು ಶೋಧಿಸುತ್ತದೆಯೋ ಅದು ಆಶಯ. ಆಶಯವನ್ನು ಗುರುತಿಸಲು ಸಂವಿಧಾನವನ್ನು ನೋಡಬೇಕು. ಘಟನೆಗಳ ಬರಿಯ ಅನುಕ್ರಮ ಸಂವಿಧಾನವಲ್ಲ. ಯಾವುದರಿಂದ ಯಾವುದು ಹುಟ್ಟಿತೆಂಬ ಕಾರ್ಯಕಾರಣದ ನೇಯ್ಗೆಯೇ ಸಂವಿಧಾನ. ತಾಯಿಮಕ್ಕಳ ಸಾವಿಗೆ ಕಾರಣಳು ಅಮೃತಮತಿ, ನಿಜ. ಆದರೆ ಅವರ ಭವಭವಗಳ ಬವಣೆಗೆ ಕಾರಣ ಆಕೆಯಲ್ಲ. ಅವರೇ ಮಾಡಿದ ಹಿಟ್ಟಿನ ಕೋಳಿಯ ಬಲಿ, ಎಂದರೆ ಸಂಕಲ್ಪಹಿಂಸೆ. ಕಾವ್ಯದ ಬಹುಭಾಗವನ್ನು ನಡೆಸುವ ಕಾರಣ ಇದಾಗಿರುವಾಗ ರಾಣಿಯ ಜಾರತನವನ್ನೇ ಆಶಯವೆಂದು ಹಿಡಿಯುವುದು ಕಾವ್ಯಕ್ಕೆ ಮಾಡುವ ಅನ್ಯಾಯ.

ಎರಡನೆಯ ಮುಖ್ಯ ಮಾತು ನಿರೂಪಕ. ಕಾವ್ಯವನ್ನು ಬರೆದವನು ಜನ್ನ. ಆದರೆ ಒಳಗಿನ ಕಥೆಯನ್ನು ಹೇಳುವವನು ಅಭಯರುಚಿ. ಹೇಳುವ ಸ್ಥಳ ಚಂಡಮಾರಿಯ ಗುಡಿ; ಕೇಳುವವನು ಅವನನ್ನೂ ಅವನ ತಂಗಿಯನ್ನೂ ಬಲಿಕೊಡಲು ತರಿಸಿರುವ ಮಾರಿದತ್ತರಾಜ. ಈ ಅಭಯರುಚಿಯೇ ಹಿಂದೊಂದು ಭವದಲ್ಲಿ ಯಶೋಧರನಾಗಿದ್ದವನು. ಪಕ್ಕದಲ್ಲಿರುವ ತಂಗಿಯೇ ಅಂದಿನ ತಾಯಿ ಚಂದ್ರಮತಿ. ಎಂದರೆ ಅಮೃತಮತಿಯ ವೃತ್ತಾಂತ ನಮಗೆ ದೊರೆಯುವುದು ವಂಚಿತನಾದ ಪತಿಯ ಬಾಯಿಂದ. ಆದರೂ ಅವನ ಕಥನದ ಭಾರ ಬೀಳುವುದು ರಾಣಿಯ ಅಪರಾಧದ ಮೇಲಲ್ಲ, ತನ್ನ ಅಪರಾಧದ ಮೇಲೆ. ಪರರ ದೋಷವನ್ನು ಎಣಿಸಲು ಎಲ್ಲ ಕಾರಣಗಳಿದ್ದವನು ತನ್ನ ದೋಷದ ಲೆಕ್ಕವನ್ನು ಒಪ್ಪಿಸುತ್ತಿದ್ದಾನೆ. ನಿರೂಪಕನನ್ನು ಗಮನಿಸದ ಓದುಗನು ಅವನು ಕೈಬಿಟ್ಟ ಕೋಪವನ್ನು ತಾನು ಕೈಗೆತ್ತಿಕೊಳ್ಳುತ್ತಾನೆ. ಕಾವ್ಯವು ಅಮೃತಮತಿಯನ್ನು ನಿರ್ದೋಷಿಯೆನ್ನುವುದಿಲ್ಲ. ಆಕೆಗೂ ದುರ್ಗತಿಯೇ ಕಾದಿದೆ. ಆದರೆ ಒಂದು ಪಾತ್ರಕ್ಕೆ ಅದರ ಕರ್ಮದ ಫಲವನ್ನು ತೋರಿಸುವುದು ಬೇರೆ, ಆ ಪಾತ್ರವನ್ನು ಮುಂದಿಟ್ಟು ಸ್ತ್ರೀಕುಲವನ್ನೇ ದೂಷಿಸುವುದು ಬೇರೆ. ಪಾತ್ರವೆಂದರೆ ಒಂದು ವ್ಯಕ್ತಿ, ಜಾತಿಯ ಪ್ರತಿನಿಧಿಯಲ್ಲ.

ಇನ್ನು ವ್ಯಂಗ್ಯ. ಅಮೃತದ ಹೆಸರನ್ನು ಹೊತ್ತವಳು ವಿಷವನ್ನಿಕ್ಕುತ್ತಾಳೆ. ರಾಣಿಯ ಮೇಲೆ ಎತ್ತಿದ ಕತ್ತಿಯನ್ನು ಅರಸನು ತಡೆಹಿಡಿದು ಮರಳುತ್ತಾನೆ. ಮರುದಿನ ಅವನು ಸರಸದ ನೆವದಲ್ಲಿ ನೆಯ್ದಿಲ ಹೂವಿನಿಂದ ಹೊಡೆದರೆ ಆಕೆ ಮೂರ್ಛೆಹೋಗುತ್ತಾಳೆ. ಕತ್ತಿಯನ್ನು ಗೆದ್ದ ಸಂಯಮ ಹೂವಿನಲ್ಲಿ ಸೋತಿತೆಂಬುದು ಇಲ್ಲಿಯ ಸೂಕ್ಷ್ಮ. ಕೊಲ್ಲಲೊಲ್ಲದ ಕೈಯಲ್ಲಿಯೂ ಹಿಂಸೆಯ ಬೀಜ ಉಳಿದಿತ್ತು. ಅದೇ ಬೀಜ ಮುಂದೆ ಹಿಟ್ಟಿನ ಕೋಳಿಯ ಮೇಲೆ ಎರಗುತ್ತದೆ. ವ್ಯಂಗ್ಯವನ್ನು ಬರಿಯ ಚಮತ್ಕಾರವೆಂದು ದಾಟಿಹೋದರೆ ಈ ಸಂಬಂಧ ಕಾಣುವುದಿಲ್ಲ.

ಹಿಟ್ಟಿನ ಕೋಳಿಯಾದರೋ ಕಾವ್ಯದ ಕೇಂದ್ರಪ್ರತಿಮೆ. ಉಪಮೆಯಲ್ಲಿ ಎರಡು ವಸ್ತುಗಳ ಸಾದೃಶ್ಯವನ್ನು ಕವಿಯೇ ಹೇಳುತ್ತಾನೆ. ಪ್ರತಿಮೆಯಲ್ಲಿ ಹಾಗಲ್ಲ, ಕಣ್ಣಿಗೆ ಕಾಣುವ ಒಂದು ವಸ್ತು ತನ್ನ ಹಿಂದೆ ಒಂದು ಸತ್ಯವನ್ನು ಅಡಗಿಸಿಕೊಂಡಿರುತ್ತದೆ. ಕೋಳಿಯೊಳಗೆ ಬೆಂತರವೊಂದು ಹೊಕ್ಕು ಕೂಗಿತೆಂಬುದನ್ನು ಪವಾಡವೆಂದಷ್ಟೇ ತಿಳಿದರೆ ಬೆರಗು ಮಾತ್ರ ಉಳಿಯುತ್ತದೆ. ಪ್ರತಿಮೆಯೆಂದು ಓದಿದರೆ, ಕೊಲ್ಲುವವನ ಸಂಕಲ್ಪವೇ ನಿರ್ಜೀವಕ್ಕೆ ಕೊರಳು ಕೊಟ್ಟಿತೆಂಬ ಅರ್ಥ ತೆರೆದುಕೊಳ್ಳುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮತ್ತಯೋಗವನ್ನು ಸೇರಿಸಿದ್ದು ಇದೇ ಕಾರಣಕ್ಕೆ. ಆದರೆ ಪ್ರತಿಮೆಯನ್ನು ಬಿಡಿಸುವ ಭರದಲ್ಲಿ ಹೊರಗಿನ ಜೀವವನ್ನು ಮರೆಯಬಾರದು. ಹಿಟ್ಟಿನ ಕೋಳಿಯನ್ನು ಕಡಿದವರು ಕೊನೆಯ ಪ್ರಾಣಿಜನ್ಮದಲ್ಲಿ ನಿಜವಾದ ಕೋಳಿಗಳಾಗಿ, ಯಶೋಧರನ ಮಗನ ಬಾಣದಿಂದಲೇ ಸಾಯುತ್ತಾರೆ. ಭಾವಹಿಂಸೆ, ದ್ರವ್ಯಹಿಂಸೆಗಳೆರಡನ್ನೂ ಕವಿ ಒಂದೇ ಹಕ್ಕಿಯಲ್ಲಿ ತೋರಿಸಿದ್ದಾನೆ.

ರಸ, ಧ್ವನಿಗಳಿಗೆ ಪಂಪನ ‘ಆದಿಪುರಾಣ’ದಿಂದ ಒಂದು ನಿದರ್ಶನ ಸಾಕು. ಕ್ರಿ.ಶ. 941ರ ಆ ಕಾವ್ಯದಲ್ಲಿ ನೀಲಾಂಜನೆಯು ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮಾಯವಾಗುತ್ತಾಳೆ. ಇಂದ್ರನು ತತ್‌ಕ್ಷಣ ಅಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಭೇದ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ. ಎಲ್ಲರೂ ಕಂಡದ್ದು ಒಂದೇ ನೃತ್ಯ. ಸಭೆಗೆ ಅದು ಶೃಂಗಾರವಾಗಿಯೇ ಮುಗಿಯಿತು. ಅವನಿಗೆ ಶಾಂತಕ್ಕೆ ದಾರಿಯಾಯಿತು. ಬದುಕು ಅನಿತ್ಯವೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ತಿಳಿಸುವ ಈ ಶಕ್ತಿಯೇ ಧ್ವನಿ. ಅದನ್ನು ಗ್ರಹಿಸಬಲ್ಲವನೇ ಸಹೃದಯ.

ಇಷ್ಟಾದರೂ ಕೃತಿಯ ಅರ್ಥ ಒಬ್ಬನ ಓದಿನಲ್ಲಿ ಮುಗಿಯಿತೆನ್ನುವಂತಿಲ್ಲ. ಜನ್ನನಿಗಿಂತ ಮೊದಲು ಇದೇ ವಸ್ತುವನ್ನು ಸೋಮದೇವ, ಪುಷ್ಪದಂತ, ವಾದಿರಾಜರು ಕಾವ್ಯವಾಗಿಸಿದ್ದರು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ವೆಂಬ ನಾಟಕವಾಗಿಸಿ ರಾಣಿಗೂ ಮಾತು ಕೊಟ್ಟರು. ದೃಷ್ಟಿಕೋನ ಬದಲಾದಂತೆ ಆಶಯ ಬದಲಾಗುತ್ತದೆ. ಜೈನದರ್ಶನವು ಇದನ್ನು ನಯವೆಂದು ಬಹುಹಿಂದೆಯೇ ಗುರುತಿಸಿದೆ: ಪ್ರತಿಯೊಂದು ನಯವೂ ಸತ್ಯದ ಒಂದಂಶವನ್ನು ಹಿಡಿಯುತ್ತದೆ, ಉಳಿದ ನಯಗಳನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಹಾಗೆಂದು ಯಾವ ಓದಾದರೂ ಸರಿಯೆಂದು ಅರ್ಥವಲ್ಲ. ಕೃತಿಯ ಸಂವಿಧಾನ, ನಿರೂಪಣೆ, ಪ್ರತಿಮೆಗಳು ಒಪ್ಪದ ಅರ್ಥವನ್ನು ಅದರ ಮೇಲೆ ಹೊರಿಸಲು ಯಾವ ನಯವೂ ಅನುಮತಿ ಕೊಡುವುದಿಲ್ಲ.

ಕಥೆಯನ್ನು ಕೇಳಿದ ಮಾರಿದತ್ತನು ಅಮೃತಮತಿಯ ಮೇಲೆ ಕನಲಲಿಲ್ಲ. ಬಲಿಯನ್ನು ನಿಲ್ಲಿಸಿ ವೈರಾಗ್ಯದ ಹಾದಿ ಹಿಡಿದನು. ಒಂದು ಹಿಟ್ಟಿನ ಕೋಳಿಗೆ ಇಷ್ಟು ಭವಗಳಾದರೆ ತನ್ನ ಮುಂದಿರುವ ಜೀವರಾಶಿಗೆ ಎಷ್ಟೆಂಬ ಲೆಕ್ಕ ಅವನಿಗೆ ತಾನಾಗಿ ಹೊಳೆದಿತ್ತು. ಕಾವ್ಯದ ಮೊದಲ ಸಹೃದಯ ಅವನೇ. ಕೇಳಿದ ಕಥೆಯಲ್ಲಿ ಪರರ ಪಾಪವನ್ನು ಹುಡುಕದೆ ತನ್ನ ಕೈಯಲ್ಲಿರುವ ಕತ್ತಿಯನ್ನು ನೋಡಿಕೊಳ್ಳುವುದು ಓದಿನ ಫಲ. ಪರಿಭಾಷೆಯು ಆ ನೋಟವನ್ನು ತಿಳಿಗೊಳಿಸುವ ಸಾಧನ.