ಪುಣ್ಯಕೋಟಿಗೆ ಚಪ್ಪಾಳೆ, ಪ್ರಶ್ನೆಗೆ ಮೌನ

ನಮ್ಮ ಮಕ್ಕಳಿಗೆ ಧರ್ಮ, ನೀತಿ ಕಲಿಸಬೇಕೆಂಬ ಮಾತು ಕೂಟದ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಆದರೆ ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಏನನ್ನು, ಹೇಗೆ ಕಲಿಸುತ್ತಿದ್ದೇವೆ ಎಂದು ಪರಾಮರ್ಶಿಸಿದವರು ಕಡಿಮೆ. ಈ ಸಂಚಿಕೆಯಲ್ಲಿ ಆ ಕೆಲಸಕ್ಕೆ ಕೈಹಾಕಿದ್ದೇವೆ. ಉದಾಹರಣೆಗೆ ಎತ್ತಿಕೊಂಡಿರುವುದು ನಮಗೆಲ್ಲ ಬಾಯಿಪಾಠವಾಗಿರುವ ಗೋವಿನ ಹಾಡು.

ಮೊದಲು ಇಲ್ಲಿನ ಶಾಲೆಯ ವಿಷಯ. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನಾರೂಪದ ಬೈಬಲ್ ಪಠಣವನ್ನು ನಿಲ್ಲಿಸಿತು. ಧರ್ಮಗಳನ್ನು ಕುರಿತು ಪಾಠ ಮಾಡಲು ಅಡ್ಡಿಯಿಲ್ಲವೆಂದೂ ಹೇಳಿತು. ಪೂಜೆ ಬೇಡ, ಪರಿಚಯವಿರಲಿ ಎಂಬುದು ಅದರ ತಾತ್ಪರ್ಯ. ನಮ್ಮ ನ್ಯೂಜೆರ್ಸಿಯ ಹೈಸ್ಕೂಲುಗಳಲ್ಲಿ ಮಹರ್ಷಿ ಮಹೇಶ ಯೋಗಿಯವರ ಧ್ಯಾನದ ತರಗತಿ ನಡೆದಾಗ, ಅದಕ್ಕೆ ಸೇರಿದ ಸಂಸ್ಕೃತ ಪೂಜೆಯನ್ನೂ ಗಮನಿಸಿ ಇದು ಧರ್ಮಬೋಧನೆಯೇ ಎಂದು 1977ರಲ್ಲಿ ಕೋರ್ಟು ತಡೆಯಿತು. 1979ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಚಾಥಮ್ ಊರಿನ ಏಳನೆಯ ತರಗತಿಯ ಇಸ್ಲಾಂ ಪರಿಚಯದ ಪಾಠದ ಮೇಲೆ 2018ರಲ್ಲಿ ದಾವೆ ಬಿತ್ತು. 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರವಾಗಿ ತೀರ್ಪಿತ್ತಿತು.

ಅಂದಮೇಲೆ ಕರ್ಮ, ಜಾತಿ, ಪುನರ್ಜನ್ಮ ಎಂದರೇನೆಂದು ಶಾಲೆ ಹೇಳಿಕೊಡಬಹುದು. ನಂಬಬೇಕೋ ಬೇಡವೋ, ನಂಬಿದರೆ ಹೇಗೆ ಬಾಳಬೇಕು ಎಂಬುದು ಮನೆಗೆ ಬಿಟ್ಟ ವಿಚಾರ. ಇದು ನ್ಯಾಯವಾದ ಏರ್ಪಾಡೇ ಸರಿ. ಆದರೆ ನಾವು ನಮ್ಮ ಪಾಲಿನ ಕೆಲಸ ಮಾಡುತ್ತಿದ್ದೇವೆಯೇ?

ರಾಜ್ಯೋತ್ಸವದ ದಿನ ಮಕ್ಕಳು ಹಸು, ಹುಲಿಯ ಮುಖವಾಡ ತೊಟ್ಟು ಗೋವಿನ ಹಾಡು ಹಾಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ, ಫೋಟೋ ತೆಗೆಯುತ್ತೇವೆ, "ಸತ್ಯವನ್ನೇ ನುಡಿಯಬೇಕು" ಎಂಬ ನೀತಿಯನ್ನು ಮೈಕಿನಲ್ಲಿ ಸಾರಿ ಬಿಸಿಬೇಳೆಬಾತಿನ ಸಾಲಿಗೆ ಹೋಗುತ್ತೇವೆ. ಅಷ್ಟು ದೊಡ್ಡ ಕೃತಿಯನ್ನು ಒಂದು ಸಾಲಿಗೆ ಇಳಿಸಿಬಿಟ್ಟೆವಲ್ಲ!

ಹನ್ನೆರಡು ವರ್ಷದ ಮಗು ಈ ಹಾಡನ್ನು ಕೇಳಿದರೆ ಏನು ಕೇಳೀತು? ಹೆದರಿಸಿ ಪಡೆದ ಮಾತನ್ನು ಉಳಿಸಿಕೊಳ್ಳಲೇಬೇಕೆ? ಹುಲಿಗೆ ಕೊಟ್ಟ ಭಾಷೆ ದೊಡ್ಡದೋ, ಕರುವಿನ ಹಾಲು ದೊಡ್ಡದೋ? ಹಸಿದ ಹುಲಿ ಮಾಂಸ ಬಯಸಿದ್ದು ಪಾಪವೇ? ನಾಚಿದ ಹುಲಿ ಸಾಯಲೇಬೇಕಿತ್ತೆ? ಕೊನೆಯ ಪ್ರಶ್ನೆಯನ್ನಂತೂ ವೈದ್ಯರಾದ ನಾವು ಹಗುರವಾಗಿ ಕಾಣಲಾರೆವು. ತಪ್ಪು ಅರಿವಾದವನಿಗೆ ಪ್ರಾಣ ಬಿಡುವುದೊಂದೇ ದಾರಿ ಎಂದು ಎಳೆಯ ಮನಸ್ಸು ತಿಳಿಯಬಾರದು. ತಿದ್ದಿಕೊಂಡು ಬದುಕುವ ಹುಲಿಯೂ ಇರಬಹುದೆಂದು ಹಿರಿಯರು ಕೂತು ಮಾತಾಡಬೇಕು. "ಸುಮ್ಮನೆ ಹಾಡು ಮರಿ" ಎಂದರೆ ಪಾಠ ಅಲ್ಲಿಗೇ ಮುಗಿಯಿತು.

ಹಾಡಿನ ಇನ್ನೊಂದು ಭಾಗ ನಮ್ಮ ಗಮನಕ್ಕೇ ಬರುವುದಿಲ್ಲ. ಹೊರಡುವ ಮುನ್ನ ಪುಣ್ಯಕೋಟಿ ತನ್ನ ಕರುವನ್ನು ಮಂದೆಯ ಇತರ ಹಸುಗಳ ಕೈಗೆ ಒಪ್ಪಿಸುತ್ತದೆ. ಅಜ್ಜಿ, ಅತ್ತೆ, ದೊಡ್ಡಪ್ಪ ಯಾರೂ ಹತ್ತಿರವಿಲ್ಲದ ಈ ನಾಡಿನಲ್ಲಿ ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಂಡು ಬೆಳೆಸಿದ ನಮಗೆ ಇದಕ್ಕಿಂತ ಹತ್ತಿರದ ನೀತಿ ಯಾವುದು? ಸತ್ಯವಂತ ಹಸು ಒಂದಾದರೆ, ತಬ್ಬಲಿ ಕರುವಿಗೆ ಆಸರೆಯಾಗಲೊಪ್ಪಿದ ಹಸುಗಳು ಹಲವು. ನಮ್ಮ ರಂಗಮಂಚದಲ್ಲಿ ಅವಕ್ಕೆ ಮಾತೇ ಇಲ್ಲ.

ಈ ಹಾಡು ಪ್ರಶ್ನೆಗೆ ಹೆದರುವಂಥದ್ದಲ್ಲ. ಎಸ್.ಎಲ್. ಭೈರಪ್ಪನವರು 1968ರ ತಮ್ಮ ಕಾದಂಬರಿಗೆ ಇದರಿಂದಲೇ ಹೆಸರು ಪಡೆದರು. ಅಮೆರಿಕದಲ್ಲಿ ಓದಿ ಮರಳಿದ ಕಾಳಿಂಗನ ಎದುರು ಹಳ್ಳಿಯ ಗೋವನ್ನು ನಿಲ್ಲಿಸಿ ವಾದಕ್ಕೆ ತೊಡಗಿಸಿದರು. ಒಪ್ಪುವುದು ಬಿಡುವುದು ಓದುಗರ ಪಾಲು, ಆದರೆ ಅವರು ಹಾಡನ್ನು ವಿಚಾರಕ್ಕೆ ಒಡ್ಡಿದರು. ನಚಿಕೇತನೂ ಯಮನನ್ನು ಬಿಡದೆ ಪ್ರಶ್ನಿಸಿದ ಹುಡುಗನೇ ಅಲ್ಲವೆ? ಅವನ ಕತೆ ಹೇಳುವ ನಾವು ಮನೆಯ ನಚಿಕೇತರನ್ನು ಗದರುತ್ತೇವೆ.

ಎಂ.ಬಿ.ಬಿ.ಎಸ್. ಓದುವಾಗ ನಾವು ವೈವಾಗೆ ಉತ್ತರ ಉರುಹೊಡೆದವರು. ಇಲ್ಲಿ ರೆಸಿಡೆನ್ಸಿಗೆ ಬಂದಾಗ ಒಬ್ಬ ರೋಗಿಯ ಕೇಸನ್ನು ಮುಂದಿಟ್ಟು, ನಿಜ ಹೇಳಬೇಕೆ, ಯಾರಿಗೆ, ಯಾವಾಗ ಎಂದು ಕಿರಿಯರು ಹಿರಿಯರೆನ್ನದೆ ಚರ್ಚಿಸುವುದನ್ನು ಕಂಡೆವು. ಉರುಹೊಡೆದದ್ದೂ ಉಪಯೋಗಕ್ಕೆ ಬಂತು, ನಿಜ. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೈಹಿಡಿದದ್ದು ಆ ಚರ್ಚೆ. ಮಕ್ಕಳ ವಿಷಯದಲ್ಲೂ ಹಾಗೆಯೇ. ಶ್ಲೋಕ, ಹಾಡು ಬಾಯಿಗೆ ಬರಲಿ, ಆಮೇಲೆ ಮಾತು ಬೆಳೆಯಲಿ. ಇಂಗ್ಲಿಷಿನಲ್ಲಿ ಕೇಳಿದರೂ ಸರಿಯೇ, ಕನ್ನಡದಲ್ಲಿ ಉತ್ತರಿಸೋಣ.

ನಮ್ಮದೊಂದು ಸಲಹೆ. ಮುಂದಿನ ಕಾರ್ಯಕ್ರಮದಲ್ಲಿ ಗೋವಿನ ಹಾಡು ಮುಗಿದ ಮೇಲೆ ಹದಿನೈದು ನಿಮಿಷ ವೇದಿಕೆಯನ್ನು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೇ ಬಿಡೋಣ. ಹುಲಿಯ ಪರ ಒಬ್ಬರು, ಕರುವಿನ ಪರ ಒಬ್ಬರು, ಉಳಿದ ಹಸುಗಳ ಪರ ಇನ್ನೊಬ್ಬರು ವಾದಿಸಲಿ. ಹಿರಿಯರು ತೀರ್ಪು ಕೊಡದೆ ಕೇಳಿಸಿಕೊಳ್ಳಲಿ. ಊಟ ಕೊಂಚ ತಡವಾದರೆ ಯಾರೂ ಬೇಸರಿಸಲಾರರೆಂದು ನಂಬಿದ್ದೇವೆ.