ಮೂಲಪ್ರತಿ ಮತ್ತು ಕಾರ್ಯಪ್ರತಿ: ವಿಡಿಯೋ ಸಂಕೋಚನ ವಿಧಾನಗಳ ತೌಲನಿಕ ವಿಮರ್ಶೆ

ಓಲೆಗರಿಯ ಪ್ರತಿಗಳನ್ನು ರಕ್ಷಿಸುವ ಭಂಡಾರಗಳಿಗೆ ಈಗ ಮತ್ತೊಂದು ಬಗೆಯ ಪ್ರತಿಗಳೂ ಬಂದು ಸೇರುತ್ತಿವೆ. ಹಳೆಯ ಲಿಪಿಯನ್ನು ಓದಬಲ್ಲ ಹಿರಿಯರ ವಾಚನ, ಗರಿಗೆ ಮಸಿ ಹಚ್ಚುವ ಕ್ರಮ, ಕಂಟದಿಂದ ಗರಿಯ ಮೇಲೆ ಕೊರೆಯುವ ಕೈಯ ಚಲನೆ ಮೊದಲಾದವು ಹೈ ಡೆಫಿನಿಷನ್ ವಿಡಿಯೋ ರೂಪದಲ್ಲಿ ಉಳಿಯುತ್ತಿವೆ. ಅವುಗಳನ್ನು ಯಾವ ಕೋಡೆಕ್‌ನಲ್ಲಿ, ಎಂದರೆ ಯಾವ ಸಂಕೋಚನ ವಿಧಾನದಲ್ಲಿ, ಇಡಬೇಕೆಂಬ ವಿಷಯದಲ್ಲಿ ತೌಲನಿಕ ಬರಹಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹಲವು ಸಂಕಲನಕ್ಕೆ ಯೋಗ್ಯವಾದುದನ್ನೂ ಸಂರಕ್ಷಣೆಗೆ ಯೋಗ್ಯವಾದುದನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತವೆ. ಈ ಗೊಂದಲವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಯಂತ್ರತಜ್ಞರ ಪ್ರಶ್ನೆಯಲ್ಲವೆಂಬುದು ನನಗೆ ಒಂದು ಪ್ರಸಂಗದಿಂದ ಮನವರಿಕೆಯಾಯಿತು. ಒಂದು ಸಂಗ್ರಹದಲ್ಲಿ ಓಲೆಪ್ರತಿಯೊಂದರ ಗರಿಗಳನ್ನು ಒಂದೊಂದಾಗಿ ಮಗುಚುತ್ತ ಓದಿದುದನ್ನು ಎಚ್‌ಡಿವಿ ಟೇಪಿನಲ್ಲಿ ಮುದ್ರಿಸಿದ್ದರು. ಕೆಲವು ವರ್ಷಗಳ ತರುವಾಯ ಆ ಪ್ರತಿಯ ಒಂದು ಗರಿಯ ಅಂಚು ಮುರಿದು ಉದುರಿಹೋಯಿತು. ಅಲ್ಲಿದ್ದ ಪದದ ಕೊನೆಯಲ್ಲಿ ಸೊನ್ನೆಯಿತ್ತೋ ಇಲ್ಲವೋ ಎಂಬುದರ ಮೇಲೆ ಇಡೀ ವಾಕ್ಯದ ಅನ್ವಯ ನಿಂತಿತ್ತು. ಮುದ್ರಿಕೆಯನ್ನು ನೋಡಿ ನಿರ್ಣಯಿಸೋಣವೆಂದು ಹೋದರೆ, ಟೇಪಿನಿಂದ ಎಚ್.೨೬೪ ವಿಧಾನದ ಒಂದು ಕಿರುಪ್ರತಿಯನ್ನು ತೆಗೆದು, ಟೇಪನ್ನು ಅಳಿಸಿ ಬೇರೆ ಕಾರ್ಯಕ್ಕೆ ಬಳಸಿದ್ದರು. ಕಿರುಪ್ರತಿಯಲ್ಲಿ ವಾಚಕರ ಮುಖ ಸ್ಪಷ್ಟವಾಗಿತ್ತು. ಗರಿಯ ಬಣ್ಣವೂ ಚೆನ್ನಾಗಿತ್ತು. ಸೊನ್ನೆ ಇರಬೇಕಾದ ಎಡೆಯಲ್ಲಿ ಮಾತ್ರ ನುಣುಪಾದ ಕಂದು ಚೌಕವೊಂದಿತ್ತು.

ಇದು ಆಕಸ್ಮಿಕವಲ್ಲ. ಎಚ್.೨೬೪ ವಿಧಾನವು ೨೦೦೩ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು. ಸಾಮಾನ್ಯ ಬಳಕೆಯಲ್ಲಿ ಅದು ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳ ಸಂಖ್ಯೆಗಳನ್ನು ಒರಟುಗೊಳಿಸಿ ಸ್ಥಳವನ್ನು ಉಳಿಸುತ್ತದೆ. ಕಂಟದ ಗೀರು ಎಂಬುದು ಇಂಥ ಸೂಕ್ಷ್ಮ ವಿವರವೇ. ಅಷ್ಟೇ ಅಲ್ಲದೆ, ಒಂದು ಫ್ರೇಮನ್ನು ಪೂರ್ಣವಾಗಿ ದಾಖಲಿಸಿ, ಅದರ ಮುಂದಿನ ಹಲವು ಫ್ರೇಮ್‌ಗಳಲ್ಲಿ ವ್ಯತ್ಯಾಸವನ್ನು ಮಾತ್ರ ದಾಖಲಿಸುವುದು ಅದರ ಸಾಮಾನ್ಯ ಕ್ರಮ. ನೋಡುವುದಕ್ಕೆ, ಹಂಚುವುದಕ್ಕೆ ಇದಕ್ಕಿಂತ ಅನುಕೂಲವಾದ ವಿಧಾನಗಳು ಕೆಲವೇ. ದೋಷವಿರುವುದು ವಿಧಾನದಲ್ಲಲ್ಲ, ನೋಟದ ಪ್ರತಿಯನ್ನು ಮೂಲಪ್ರತಿಯ ಪೀಠದಲ್ಲಿ ಕೂರಿಸಿದುದರಲ್ಲಿ.

ಮೊದಲು ಸಂಕಲನದ ವಿಚಾರ. ಸಂಕಲನಕಾರನು ಯಾವ ಫ್ರೇಮಿನಲ್ಲಿ ಬೇಕಾದರೂ ಕತ್ತರಿಸಬೇಕು, ಮುಂದಕ್ಕೂ ಹಿಂದಕ್ಕೂ ಓಡಿಸಬೇಕು, ಬಣ್ಣವನ್ನು ತಿದ್ದಬೇಕು. ಒಂದು ಫ್ರೇಮನ್ನು ಬಿಡಿಸಲು ಅಕ್ಕಪಕ್ಕದ ಹತ್ತಾರು ಫ್ರೇಮ್‌ಗಳನ್ನು ಬಿಡಿಸಬೇಕಾದಲ್ಲಿ ಗಣಕಯಂತ್ರಕ್ಕೆ ವೃಥಾ ಶ್ರಮ. ಆದ್ದರಿಂದ ಪ್ರತಿಯೊಂದು ಫ್ರೇಮನ್ನೂ ಸ್ವತಂತ್ರವಾಗಿ ಸಂಕೋಚಿಸುವ ಕೋಡೆಕ್‌ಗಳು ಈ ಕಾರ್ಯಕ್ಕೆ ಪ್ರಶಸ್ತವೆನಿಸಿವೆ. ಆಪಲ್ ಸಂಸ್ಥೆ ೨೦೦೭ರಲ್ಲಿ ಹೊರತಂದ ಪ್ರೋರೆಸ್, ಆವಿಡ್ ಸಂಸ್ಥೆಯ ಡಿಎನ್‌ಎಕ್ಸ್‌ಎಚ್‌ಡಿ, ವೇವ್‌ಲೆಟ್ ತತ್ತ್ವವನ್ನು ಆಧರಿಸಿದ ಸಿನೆಫಾರ್ಮ್ ಇವು ಈ ವರ್ಗದಲ್ಲಿ ಮುಖ್ಯವಾದವು.

ಇವುಗಳ ಪ್ರಮಾಣವನ್ನು ತಿಳಿಯಲು ಒಂದು ಲೆಕ್ಕ ಸಾಕು. ೧೯೨೦ × ೧೦೮೦ ಬಿಂದುಗಳ, ಸೆಕೆಂಡಿಗೆ ೨೫ ಫ್ರೇಮ್‌ಗಳ, ೧೦ ಬಿಟ್ ಆಳದ, ೪:೨:೨ ವರ್ಣಾಂಶದ ಚಿತ್ರವನ್ನು ಸಂಕೋಚಿಸದೆ ಇಟ್ಟರೆ ಗಂಟೆಯೊಂದಕ್ಕೆ ಸುಮಾರು ೪೬೭ ಗಿಗಾಬೈಟ್ ಸ್ಥಳ ಬೇಕು. ಅದೇ ಚಿತ್ರಕ್ಕೆ ಪ್ರೋರೆಸ್ ೪೨೨ ಎಚ್‌ಕ್ಯೂ ಸುಮಾರು ೮೩, ಪ್ರೋರೆಸ್ ೪೨೨ ಸುಮಾರು ೫೫ ಗಿಗಾಬೈಟ್‌ಗಳನ್ನು ತೆಗೆದುಕೊಳ್ಳುತ್ತವೆ. ಸೆಕೆಂಡಿಗೆ ೨೫ ಮೆಗಾಬಿಟ್‌ಗಳ ಎಚ್‌ಡಿವಿ ಮುದ್ರಿಕೆಗೆ ಸುಮಾರು ೧೧ ಗಿಗಾಬೈಟ್ ಸಾಕು. ಆದರೆ ಅದರ ಚಿತ್ರದ ಅಗಲ ೧೪೪೦ ಬಿಂದುಗಳು ಮಾತ್ರ, ವರ್ಣಾಂಶವೂ ೪:೨:೦ ಮಾತ್ರ.

ತೌಲನಿಕ ಬರಹಗಳ ಮೊದಲನೆಯ ದೋಷ ಇಲ್ಲಿಯೇ ಕಾಣುತ್ತದೆ. ಅವು ಕೋಡೆಕ್‌ನ ಹೆಸರನ್ನು ಹೇಳಿ, ಅದರ ಪ್ರಭೇದವನ್ನು ಹೇಳುವುದಿಲ್ಲ. ಡಿಎನ್‌ಎಕ್ಸ್‌ಎಚ್‌ಡಿ ೧೮೫ ಮತ್ತು ೧೮೫ಎಕ್ಸ್ ಇವೆರಡಕ್ಕೂ ಸೆಕೆಂಡಿಗೆ ತಗಲುವ ಬಿಟ್‌ಗಳ ಪ್ರಮಾಣ ಒಂದೇ. ಆದರೆ ಮೊದಲನೆಯದು ೮ ಬಿಟ್ ಆಳದ್ದು, ಎರಡನೆಯದು ೧೦ ಬಿಟ್ ಆಳದ್ದು. ಒಂದು ಅಕ್ಷರ ಬಿಟ್ಟುಹೋದರೆ ಅರ್ಥವೇ ಬೇರೆಯಾಗುವ ಪಾಠಾಂತರಗಳನ್ನು ಬಲ್ಲ ನಮಗೆ ಇದು ಹೊಸತಲ್ಲ. ಹಾಗೆಯೇ ಜೆಪೆಗ್ ೨೦೦೦ ಎಂದು ಮಾತ್ರ ಬರೆದರೆ ಏನೂ ತಿಳಿಯದು. ಅದರಲ್ಲಿ ಮೂಲದ ಪ್ರತಿಯೊಂದು ಸಂಖ್ಯೆಯನ್ನೂ ಮರಳಿ ಕೊಡುವ ಮಾರ್ಗವೂ ಇದೆ, ಕೊಡದ ಮಾರ್ಗವೂ ಇದೆ. ಚಿತ್ರಮಂದಿರಗಳ ಡಿಜಿಟಲ್ ಪ್ರದರ್ಶನಕ್ಕೆ ಬಳಕೆಯಾಗುವುದು ಎರಡನೆಯದು. ಎಚ್.೨೬೪ ಮಾನಕದಲ್ಲಿಯೂ ನಷ್ಟರಹಿತವಾದ ಒಂದು ಪ್ರಭೇದವುಂಟು. ಕ್ಯಾಮೆರಾಗಳಿಂದಲೂ ಜಾಲತಾಣಗಳಿಂದಲೂ ನಮಗೆ ಸಾಮಾನ್ಯವಾಗಿ ದೊರೆಯುವುದು ಅದಲ್ಲ.

ಎರಡನೆಯ ದೋಷ ಅಳತೆಯದು. ಮೂಲಕ್ಕೂ ಸಂಕೋಚಿತ ಪ್ರತಿಗೂ ಇರುವ ವ್ಯತ್ಯಾಸವನ್ನು ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ, ನೆಟ್‌ಫ್ಲಿಕ್ಸ್ ಸಂಸ್ಥೆ ೨೦೧೬ರಲ್ಲಿ ಪ್ರಕಟಿಸಿದ ವಿಎಂಎಎಫ್ ಮೊದಲಾದ ಮಾನಗಳಿಂದ ಅಳೆಯುತ್ತಾರೆ. ಇವು ಉಪಯುಕ್ತವಾದವು, ಸಂದೇಹವಿಲ್ಲ. ಆದರೆ ಸಾಮಾನ್ಯವಾಗಿ ಕೋಷ್ಟಕದಲ್ಲಿ ಕಾಣುವುದು ಸರಾಸರಿ. ಇಪ್ಪತ್ತು ಲಕ್ಷ ಬಿಂದುಗಳ ಫ್ರೇಮಿನಲ್ಲಿ ಒಂದು ಸೊನ್ನೆ ಅಳಿದರೆ ಸರಾಸರಿ ಅಲುಗುವುದಿಲ್ಲ. ಸಾವಿರ ಪದ್ಯಗಳನ್ನು ಶುದ್ಧವಾಗಿ ಬರೆದು ಒಂದು ಪದ್ಯದ ಒಂದು ಪದವನ್ನು ಕೆಡಿಸಿದ ಲಿಪಿಕಾರನನ್ನು ಒಟ್ಟಿನಲ್ಲಿ ಉತ್ತಮನೆನ್ನಬಹುದು. ಆ ಪದವೇ ಬೇಕಾದವನಿಗೆ ಆ ಪ್ರಶಸ್ತಿಯಿಂದ ಪ್ರಯೋಜನವಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಪ್ರೋರೆಸ್ ಮೊದಲಾದವುಗಳನ್ನು ‘ಕಣ್ಣಿಗೆ ನಷ್ಟವಿಲ್ಲದ’ ಕೋಡೆಕ್‌ಗಳೆಂದು ವರ್ಣಿಸುವುದು ರೂಢಿ. ಸಂಕಲನದ ಮಟ್ಟಿಗೆ ಈ ಮಾತು ಸಾಧುವಾದುದು. ಆದರೆ ಓದುಗರು ಅದರಲ್ಲಿನ ‘ಕಣ್ಣಿಗೆ’ ಎಂಬುದನ್ನು ಬಿಟ್ಟು ‘ನಷ್ಟವಿಲ್ಲದ’ ಎಂಬುದನ್ನು ಮಾತ್ರ ಗ್ರಹಿಸುತ್ತಾರೆ. ನಷ್ಟವು ಮೊದಲ ಪ್ರತಿಯಲ್ಲಿ ಕಣ್ಣಿಗೆ ಬೀಳದಿರಬಹುದು. ಪ್ರತಿಯಿಂದ ಪ್ರತಿಗೆ, ಒಂದು ಕೋಡೆಕ್‌ನಿಂದ ಇನ್ನೊಂದಕ್ಕೆ ಸಾಗುವಾಗ ಅದು ಕೂಡುತ್ತ ಹೋಗುತ್ತದೆ. ಭಂಡಾರದ ಪ್ರತಿಯನ್ನು ಮುಂದಿನ ನೂರು ವರ್ಷಗಳಲ್ಲಿ ಎಷ್ಟು ಸಲ ಹೊಸ ರೂಪಕ್ಕೆ ವರ್ಗಾಯಿಸಬೇಕಾದೀತೋ ಹೇಳಲಾಗದು. ನಿಜವಾಗಿ ನಷ್ಟರಹಿತವಾದ ವಿಧಾನದಲ್ಲಿ ಎಷ್ಟನೆಯ ಪ್ರತಿಯಾದರೂ ಮೊದಲನೆಯದಕ್ಕೆ ಬಿಟ್ ಬಿಟ್ಟಿಗೂ ಸಮ.

ಸಂರಕ್ಷಣೆಗಾಗಿ ಈಗ ಮುಖ್ಯವಾಗಿ ಎರಡು ನಷ್ಟರಹಿತ ಮಾರ್ಗಗಳು ಪ್ರಚಾರದಲ್ಲಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕಲ್‌ಪೆಪರ್ ಕೇಂದ್ರದಲ್ಲಿ ಅನುಸರಿಸಿದ್ದು ಜೆಪೆಗ್ ೨೦೦೦ರ ನಷ್ಟರಹಿತ ಪ್ರಭೇದವನ್ನು ಎಂಎಕ್ಸ್‌ಎಫ್ ಹೊದಿಕೆಯಲ್ಲಿಡುವ ಕ್ರಮ. ಆಸ್ಟ್ರಿಯಾದ ಮೀಡಿಯಾಥೆಕ್ ಮೊದಲಾದ ಸಂಗ್ರಹಾಲಯಗಳು ಎಫ್‌ಎಫ್‌ವಿ೧ನ್ನು ಆರಿಸಿಕೊಂಡವು. ೨೦೦೩ರಲ್ಲಿ ಎಫ್‌ಎಫ್‌ಎಂಪೆಗ್ ಯೋಜನೆಯಲ್ಲಿ ಹುಟ್ಟಿದ ಈ ಕೋಡೆಕ್‌ನ ಸಂಪೂರ್ಣ ವಿವರಣೆ ೨೦೨೧ರಲ್ಲಿ ಆರ್‌ಎಫ್‌ಸಿ ೯೦೪೩ ಎಂಬ ಹೆಸರಿನಿಂದಲೂ, ಅದನ್ನು ಹಲವರು ಇರಿಸುವ ಮಟ್ರೋಸ್ಕಾ ಹೊದಿಕೆಯ ವಿವರಣೆ ೨೦೨೪ರಲ್ಲಿ ಆರ್‌ಎಫ್‌ಸಿ ೯೫೫೯ ಎಂಬ ಹೆಸರಿನಿಂದಲೂ ಪ್ರಕಟವಾದವು. ಇವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಜೆಪೆಗ್ ೨೦೦೦ ದೊಡ್ಡ ಸಂಸ್ಥೆಗಳ ಪರಂಪರೆಯನ್ನೂ ಅಂತಾರಾಷ್ಟ್ರೀಯ ಮಾನಕದ ಬಲವನ್ನೂ ಉಳ್ಳದ್ದು. ಆದರೆ ಅದನ್ನು ಬಿಡಿಸಲು ಗಣಕಯಂತ್ರಕ್ಕೆ ಹೆಚ್ಚಿನ ಶ್ರಮವುಂಟು. ಎಫ್‌ಎಫ್‌ವಿ೧ ಹಗುರವಾದುದು, ಅಲ್ಪ ವೆಚ್ಚದ ಭಂಡಾರಗಳಿಗೂ ಎಟುಕುವಂಥದು. ಎರಡರಲ್ಲಿಯೂ ಕಡತದ ಗಾತ್ರವು ಸಾಮಾನ್ಯವಾಗಿ ಅಸಂಕೋಚಿತ ಚಿತ್ರದ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಚಿತ್ರದಲ್ಲಿ ಕಣಗಳ ಗದ್ದಲ ಹೆಚ್ಚಿದಷ್ಟೂ ಉಳಿತಾಯ ಕಡಿಮೆ.

ಎಫ್‌ಎಫ್‌ವಿ೧ರ ಮೂರನೆಯ ಆವೃತ್ತಿಯಲ್ಲಿರುವ ಒಂದು ಗುಣವನ್ನು ಹಸ್ತಪ್ರತಿ ವಿದ್ವಾಂಸರು ವಿಶೇಷವಾಗಿ ಮೆಚ್ಚಬೇಕು. ಅದು ಫ್ರೇಮನ್ನು ಹಲವು ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ತಾಳೆಸಂಖ್ಯೆಯನ್ನು ಸೇರಿಸಬಲ್ಲುದು. ಕಾಲಾಂತರದಲ್ಲಿ ಕಡತ ಎಲ್ಲಿಯಾದರೂ ಕೆಟ್ಟರೆ, ಕೆಟ್ಟ ಫ್ರೇಮು ಯಾವುದು, ಅದರ ಯಾವ ಭಾಗ ಎಂಬುದು ತಿಳಿದುಬರುತ್ತದೆ. ಇದಿಲ್ಲದ ಕಡೆ, ಬಿಡಿಸುವ ತಂತ್ರಾಂಶವು ಹಾಳಾದ ಎಡೆಯನ್ನು ಪಕ್ಕದ ಫ್ರೇಮಿನ ಚಿತ್ರದಿಂದ ತುಂಬಿ ಮುಂದೆ ಸಾಗುವುದುಂಟು. ನೋಡುವವನಿಗೆ ಲೋಪ ತಿಳಿಯುವುದೇ ಇಲ್ಲ. ಹುಳು ತಿಂದ ಎಡೆಯಲ್ಲಿ ಖಾಲಿ ಜಾಗ ಬಿಟ್ಟ ಲಿಪಿಕಾರನು ನಮಗೆ ಉಪಕಾರಿ. ತನಗೆ ತೋಚಿದ ಅಕ್ಷರವನ್ನು ಅಂದವಾಗಿ ಬರೆದಿಟ್ಟವನು ಅಪಕಾರಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಎಲ್ಲವನ್ನೂ ಎಫ್‌ಎಫ್‌ವಿ೧ಕ್ಕೆ ಪರಿವರ್ತಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು, ಕೆಲವೆಡೆ ಅದು ಅನವಶ್ಯಕವೂ ಹೌದು. ಎಚ್‌ಡಿವಿ, ಎವಿಸಿಎಚ್‌ಡಿ ಮುದ್ರಿಕೆಗಳು ಕ್ಯಾಮೆರಾದಲ್ಲಿಯೇ ಸಂಕೋಚಿತವಾಗಿ ಹುಟ್ಟುತ್ತವೆ. ಅವುಗಳಿಗೆ ಕ್ಯಾಮೆರಾ ಕೊಟ್ಟ ಕಡತವೇ ಮೂಲಪ್ರತಿ. ಅದನ್ನು ಪ್ರೋರೆಸ್‌ಗೆ ಏರಿಸಿದರೆ ಸಂಕಲನ ಸುಲಭವಾಗುವುದೇ ಹೊರತು ಕಳೆದ ವಿವರ ಮರಳುವುದಿಲ್ಲ. ನಷ್ಟರಹಿತ ರೂಪಕ್ಕೆ ತಂದರೆ ಕಡತ ಹಿಗ್ಗುತ್ತದೆ, ಜ್ಞಾನ ಹಿಗ್ಗುವುದಿಲ್ಲ. ಹಳೆಯ ಅನಲಾಗ್ ಟೇಪುಗಳಿಂದ ಹೊಸದಾಗಿ ಅಂಕೀಕರಿಸುವಾಗ, ಅಸಂಕೋಚಿತ ಸಂಕೇತವೇ ಕೈಗೆ ಬಂದಾಗ, ನಷ್ಟರಹಿತ ಕೋಡೆಕ್ ತನ್ನ ನಿಜವಾದ ಕಾರ್ಯವನ್ನು ಮಾಡುತ್ತದೆ.

ವೆಚ್ಚದ ಮಾತನ್ನೂ ಅಲ್ಲಗಳೆಯಲಾಗದು. ಸ್ಥಳಕ್ಕೆ ಹಣವಿಲ್ಲದ ಭಂಡಾರವು ಅಂಥ ಟೇಪುಗಳಿಗೆ ಪ್ರೋರೆಸ್ ಎಚ್‌ಕ್ಯೂ ಪ್ರತಿಯೊಂದನ್ನೇ ಇಟ್ಟುಕೊಂಡರೆ ಅದನ್ನು ಹಳಿಯುವುದು ಸಲ್ಲದು. ಆ ಕೋಡೆಕ್‌ನ ವಿವರಣೆಯೂ ೨೦೧೫ರಲ್ಲಿ ಪ್ರಕಟವಾಗಿದೆಯಾದ್ದರಿಂದ ಅದು ಓದಲಾಗದ ಲಿಪಿಯಾಗುವ ಭಯ ಕಡಿಮೆ. ಈ ಭಯ ನಿರಾಧಾರವಾದುದೇನೂ ಅಲ್ಲ: ೨೦೧೯ರಲ್ಲಿ ಆಪಲ್ ಸಂಸ್ಥೆ ಕ್ಯಾಟಲಿನಾ ಕಾರ್ಯವ್ಯವಸ್ಥೆಯಿಂದ ಕ್ವಿಕ್‌ಟೈಮ್ ೭ನ್ನು ಕೈಬಿಟ್ಟಾಗ, ಸೊರೆನ್ಸನ್ ವಿಡಿಯೋದಂಥ ಹಳೆಯ ಕೋಡೆಕ್‌ಗಳ ಕಡತಗಳು ಆ ವ್ಯವಸ್ಥೆಯ ಸ್ವಂತ ಸಾಧನಗಳಲ್ಲಿ ತೆರೆಯದಾದವು. ಆದರೆ ಇಟ್ಟದ್ದು ನಷ್ಟವುಳ್ಳ ಪ್ರತಿಯೆಂಬುದನ್ನು ಬರೆದಿಡಬೇಕು.

ನಮ್ಮ ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಯಾವ ಪ್ರತಿಯನ್ನು ನೋಡಿ, ಎಂದು, ಯಾರಿಗಾಗಿ ಬರೆದೆವೆಂಬುದನ್ನು ಕಾಣಿಸುತ್ತಿದ್ದರು. ಪ್ರತಿಯೊಂದು ವಿಡಿಯೋ ಕಡತಕ್ಕೂ ಅಂಥ ಪುಷ್ಪಿಕೆ ಬೇಕು: ಯಾವ ಮೂಲದಿಂದ, ಯಾವ ಕೋಡೆಕ್‌ನ ಯಾವ ಪ್ರಭೇದದಲ್ಲಿ, ಎಷ್ಟು ಬಿಟ್ ಆಳದಲ್ಲಿ, ಯಾವ ದಿನ ತೆಗೆದುದು, ಅದರ ತಾಳೆಸಂಖ್ಯೆ ಯಾವುದು. ಸಂಕಲನಕ್ಕೆ ಪ್ರೋರೆಸ್ ಆಗಲಿ ಡಿಎನ್‌ಎಕ್ಸ್‌ಎಚ್‌ಡಿ ಆಗಲಿ ಇರಲಿ, ನೋಟಕ್ಕೆ ಎಚ್.೨೬೪ ಇರಲಿ, ಮೂಲವನ್ನು ಮಾತ್ರ ಮೂಲವಾಗಿಯೇ ಇಡಬೇಕು, ಅದರ ಮೇಲೆ ಹೊಸದನ್ನು ಮುದ್ರಿಸಬಾರದು. ಮೇಲೆ ಹೇಳಿದ ಗರಿಯ ಪಾಠವನ್ನು ಸಂಪಾದನೆಯಲ್ಲಿ ಈಗ ಸಂದಿಗ್ಧವೆಂದು ಗುರುತಿಸಿದೆ. ಟೇಪೊಂದನ್ನು ಅಳಿಸದೆ ಇಟ್ಟಿದ್ದರೆ ಅದನ್ನು ನೋಡಿ ನಿರ್ಣಯಿಸಲು ಒಂದು ಅವಕಾಶವಾದರೂ ಇರುತ್ತಿತ್ತು.