ಗಿಂಪೆಲ್ ಪೆದ್ದನೇ?

ಐಸಾಕ್ ಬಾಶೆವಿಸ್ ಸಿಂಗರ್ ಅವರ 'ಗಿಂಪೆಲ್ ದಿ ಫೂಲ್' ಕತೆಯನ್ನು ಮೊದಲ ಸಲ ಓದಿದಾಗ ನಮಗೆ ಬಂದದ್ದು ಸಿಟ್ಟು. ಪೋಲೆಂಡಿನ ಫ್ರಾಂಪೋಲ್ ಎಂಬ ಪುಟ್ಟ ಊರಿನ ಬೇಕರಿಯಲ್ಲಿ ರೊಟ್ಟಿ ಸುಡುವ ಈ ಯಹೂದಿ ಅನಾಥನನ್ನು ಊರಿಗೆ ಊರೇ ಆಟವಾಡಿಸುತ್ತದೆ. ಮಸೀಹ ಬಂದಿದ್ದಾನೆ, ಸತ್ತ ನಿನ್ನ ತಂದೆತಾಯಿ ಗೋರಿಯಿಂದ ಎದ್ದಿದ್ದಾರೆ ಎಂದರೂ ಆತ ಹೊರಗೆ ಬಂದು ನೋಡುತ್ತಾನೆ. ಊರವರು ಗಂಟುಹಾಕಿದ ಎಲ್ಕಾ ಮದುವೆಯಾದ 17 ವಾರಗಳಿಗೇ ಹೆರುತ್ತಾಳೆ. ಅದನ್ನೂ ನುಂಗಿಕೊಳ್ಳುತ್ತಾನೆ. ಇಂಥವನನ್ನು ಪೆದ್ದ ಎನ್ನದೆ ಇನ್ನೇನೆನ್ನಬೇಕು?

ನಮ್ಮ ಸಿಟ್ಟು ಇಳಿದದ್ದು ಒಂದು ಪದದಿಂದ. 1945ರಲ್ಲಿ ಯಿಡ್ಡಿಶ್‌ನಲ್ಲಿ ಅಚ್ಚಾದಾಗ ಕತೆಯ ಹೆಸರು 'ಗಿಂಪ್ಲ್ ತಾಮ್'. 1953ರಲ್ಲಿ ಸಾಲ್ ಬೆಲೋ ಅದನ್ನು ಇಂಗ್ಲಿಷಿಗೆ ತಂದಾಗ 'ತಾಮ್' ಹೋಗಿ 'ಫೂಲ್' ಬಂತು. ಹೀಬ್ರೂವಿನಿಂದ ಬಂದ 'ತಾಮ್'ಗೆ ಪೆದ್ದ ಎಂಬ ಅರ್ಥವೂ ಉಂಟು, ಕಪಟವಿಲ್ಲದವ, ಪೂರ್ಣ ಎಂಬ ಅರ್ಥಗಳೂ ಉಂಟು. ತೌರಾತಿನಲ್ಲಿ ಯಾಕೂಬ್(ಅ)ರನ್ನು ಬಣ್ಣಿಸಲು ಬಳಸಿದ್ದು ಇದೇ ಪದವನ್ನು. ನಾವು ಉರ್ದುವಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ 'ತಮಾಮ್' ಅರಬಿಯಿಂದ ಬಂದದ್ದು. ಅದರ ಬೇರೂ ಇದರ ಬೇರೂ ಒಂದೇ. ಊರವರು ಒಂದು ಅರ್ಥದಲ್ಲಿ ಕೂಗಿದ ಹೆಸರನ್ನು ಗಿಂಪೆಲ್ ಇನ್ನೊಂದು ಅರ್ಥದಲ್ಲಿ ಬದುಕಿದ.

ಆತ ನಂಬುವುದು ತಿಳಿಯದೆ ಅಲ್ಲ. ಮಸೀಹನ ಸುದ್ದಿ ಸುಳ್ಳೆಂದು ಗೊತ್ತಿದ್ದೇ ಎದ್ದು ಹೋಗುತ್ತಾನೆ. ನೋಡಿ ಬಂದರೆ ನಷ್ಟವೇನು ಎಂಬುದು ಆತನ ಲೆಕ್ಕ. ಇದು ಮೂರ್ಖನ ಲೆಕ್ಕವಂತೂ ಅಲ್ಲ.

ಆದರೆ ಈ ನಂಬಿಕೆಗೆ ಬೆಲೆ ಬರುವುದು ಆತನ ಕೈಯಲ್ಲೂ ಶಕ್ತಿಯಿದೆ ಎಂದು ತಿಳಿದಾಗ. 20 ವರ್ಷ ಬಾಳಿದ ಎಲ್ಕಾ ಸಾಯುವಾಗ ಬಾಯಿಬಿಡುತ್ತಾಳೆ: ಆರು ಮಕ್ಕಳಲ್ಲಿ ಒಂದೂ ಆತನದಲ್ಲ. ಆಮೇಲೊಂದು ರಾತ್ರಿ ಶೈತಾನ ಬಂದು, ಪರಲೋಕವೂ ಇಲ್ಲ ದೇವರೂ ಇಲ್ಲ, ನಾದುವ ಹಿಟ್ಟಿಗೆ ಮೂತ್ರ ಬೆರೆಸಿ ಊರಿಗೆ ತಿನ್ನಿಸು ಎನ್ನುತ್ತಾನೆ. ಗಿಂಪೆಲ್ ಬೆರೆಸಿಯೂ ಬಿಡುತ್ತಾನೆ! ಸಿಂಗರ್ ಆತನನ್ನು ಸಂತನಾಗಿಸಲಿಲ್ಲವಲ್ಲ, ಅದು ನಮಗೆ ಬಹಳ ಹಿಡಿಸಿತು. ಕನಸಿನಲ್ಲಿ ಎಲ್ಕಾ ಕಫನ್ ಸುತ್ತಿಕೊಂಡು, ಕಪ್ಪಾದ ಮುಖ ಹೊತ್ತು ಬರುತ್ತಾಳೆ. ತಾನು ಸುಳ್ಳಾದರೆ ಎಲ್ಲವೂ ಸುಳ್ಳಾಗಬೇಕೇ ಎಂದು ಗದರುತ್ತಾಳೆ. ಗಿಂಪೆಲ್ ಎದ್ದು, ಹೆಪ್ಪುಗಟ್ಟಿದ ನೆಲ ಅಗೆದು ಆ ರೊಟ್ಟಿಗಳನ್ನೆಲ್ಲ ಹೂಳುತ್ತಾನೆ. ಸೇಡು ಕೈಗೆ ಬಂದಾಗಲೂ ಅದನ್ನು ಮಣ್ಣುಮಾಡಿದವನನ್ನು ದುರ್ಬಲ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ತಕರಾರು ಇಲ್ಲವೆಂದಲ್ಲ. ಎಲ್ಕಾಳನ್ನು ನಾವು ಕಾಣುವುದು ಗಿಂಪೆಲನ ಕಣ್ಣಿನಿಂದ ಮಾತ್ರ. ವಿಧವೆಯೂ ಹೌದು, ವಿಚ್ಛೇದಿತೆಯೂ ಹೌದು. ಅವಳಿಗೆ ಯಾರು ಯಾರು ಮೋಸ ಮಾಡಿದ್ದರೋ! ಅವಳ ಬೈಗುಳ ಕೇಳಲು ಸೊಗಸಾಗಿದೆ, ಸಂಕಟ ಮಾತ್ರ ಕಿವಿಗೆ ಬೀಳುವುದಿಲ್ಲ. ಇನ್ನು ಫ್ರಾಂಪೋಲ್ ಜನ. ಅವರಿಗೆ ಶಿಕ್ಷೆಯೂ ಇಲ್ಲ, ನಾಚಿಕೆಯೂ ಇಲ್ಲ. ಕ್ಷಮೆಯ ಕತೆ ಕೇಳಿ ಮೊದಲು ತಲೆದೂಗುವವರು ಕ್ಷಮೆ ಕೇಳಬೇಕಾದವರೇ ಆಗಿರುತ್ತಾರೆ ಎಂಬ ಅಳುಕು ನಮಗಿದೆ.

ಆದರೆ ಗಿಂಪೆಲ್ ಅಲ್ಲೇ ಕೂತು ಇನ್ನಷ್ಟು ನಗೆಪಾಟಲಾಗುವುದಿಲ್ಲ ಎಂಬುದನ್ನು ಮರೆಯಬಾರದು. ಗಳಿಸಿದ್ದನ್ನು ತನ್ನದಲ್ಲದ ಮಕ್ಕಳಿಗೇ ಹಂಚಿ ಊರು ಬಿಡುತ್ತಾನೆ. ಊರೂರು ಅಲೆಯುತ್ತ, ಒಂದು ಕಾಲಕ್ಕೆ ಸುಳ್ಳು ಕೇಳಿದವನು ಈಗ ಮಕ್ಕಳಿಗೆ ಕತೆ ಹೇಳುತ್ತಾನೆ. ಕೊನೆಗೆ ಹುಲ್ಲಿನ ಹಾಸಿಗೆಯಲ್ಲಿ ಮಲಗಿ, ಯಾರೂ ಯಾರನ್ನೂ ವಂಚಿಸಲಾಗದ ಲೋಕಕ್ಕೆ ಕಾಯುತ್ತಾನೆ. ಕಫನ್ ಜೋಳಿಗೆಯಲ್ಲೇ ಇದೆ. ಆ ಹುಲ್ಲುಹಾಸಿಗೆ ಯಾವಾಗ ತೆರವಾದೀತೆಂದು ಇನ್ನೊಬ್ಬ ಭಿಕ್ಷುಕ ಕಾದಿದ್ದಾನೆ.